ಕೈ ಎಲ್ಲೂ ನಿಲ್ಲದ ಪುಸ್ತಿಕೆ

ಆಡಿಯೋ ಅಂಗಡಿಯ ಮೇಲ್ಮಹಡಿಯಲ್ಲಿ, ಗಿರಾಕಿಗಳಿಗೆ ಹಾಡು ಕೇಳಿಸುವ ಕೋಣೆಯ ನೆಲದ ಮೇಲೆ, ಎಪ್ಪತ್ತೆರಡು ವರ್ಷದ ಹೆಂಗಸೊಬ್ಬಳು ಕಾಲು ಚಾಚಿ ಕುಳಿತು ಒಂದು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದಳು. ಎದುರಿಗೆ ಆಗತಾನೇ ಪೆಟ್ಟಿಗೆಯಿಂದ ತೆಗೆದ ರೆಕಾರ್ಡ್ ಪ್ಲೇಯರ್ ಇತ್ತು. ಪಕ್ಕದಲ್ಲಿ ಅವಳ ಸೊಸೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಸೊಸೆ ಮಾತಾಡುವಂತಿರಲಿಲ್ಲ, ಮುಟ್ಟುವಂತಿರಲಿಲ್ಲ, ಹುಬ್ಬು ಕೂಡ ಏರಿಸುವಂತಿರಲಿಲ್ಲ. ನಿಯಮ ಅವಳದೇ.

"'ತೋಳಿನ ಬೀಗ ಬಿಡಿಸಿ' ಅಂತ ಬರೆದಿದೀಯ. ಯಾವ ತೋಳು? ಎಲ್ಲಿದೆ ಬೀಗ?"

ಸೊಸೆ ಸುಮ್ಮನಿದ್ದಳು.

"ಬಾಯಲ್ಲೇನು ಕಡುಬು ತುಂಬ್ಕೊಂಡಿದೀಯ? ಕೇಳ್ತಿರೋದು ನಿನ್ನನ್ನೇ ಕಣೇ."

ಅತ್ತೆಯ ಬಲಗೈ ಯಂತ್ರದ ಮೇಲೆ ಗಾಳಿಯಲ್ಲೇ ನಿಂತಿತ್ತು. ಸೊಸೆ ಗೋಡೆ ಗಡಿಯಾರ ನೋಡಿದಳು. ಇಪ್ಪತ್ತು ಸೆಕೆಂಡು ಕಳೆಯಿತು. 'ಹಂತ ನಾಲ್ಕು, ಕೈ ನಿಂತಿತು' ಎಂದು ಚೀಟಿಯಲ್ಲಿ ಬರೆದುಕೊಂಡಳು. ಸಂಜೆಯೊಳಗೆ ಆ ವಾಕ್ಯ 'ಉದ್ದನೆಯ ಬಿಳಿ ಕಡ್ಡಿಯನ್ನು ಹಿಡಿದಿರುವ ಕಪ್ಪು ಕೊಕ್ಕೆಯನ್ನು ಎಡಕ್ಕೆ ತಿರುಗಿಸಿ' ಎಂದು ಬದಲಾಯಿತು. ಅತ್ತೆ ಅದನ್ನು ಓದಿ, ಕೊಕ್ಕೆ ತಿರುಗಿಸಿ, "ಇದನ್ನ ಮೊದಲೇ ಬರೆಯೋಕೆ ನಿನಗೇನು ಧಾಡಿಯಾಗಿತ್ತು" ಎಂದಳು. ಹಾಳೆ ಪಾಸಾಯಿತೆಂದು ಸೊಸೆ ತಿಳಿದುಕೊಂಡಳು.

ಅಂಗಡಿಯಲ್ಲಿ ಈ ಸೊಸೆಗೆ ಹಾಳೆ ಮೇಡಂ ಎಂದು ಹೆಸರು. ಎಂಟು ವರ್ಷದಿಂದ ಅವಳ ಕೆಲಸ ಅದೊಂದೇ: ಸಮುದ್ರದಾಚೆಯ ಕಾರ್ಖಾನೆಯಿಂದ ಬರುವ ಪ್ರತಿಯೊಂದು ಹೊಸ ಮಾದರಿಗೂ, ಜೋಡಿಸಿ ಹಾಡಿಸುವವರೆಗಿನ ಕ್ರಮವನ್ನು ಒಂದೇ ಹಾಳೆಯಲ್ಲಿ ಬರೆಯುವುದು. ಕಾರ್ಖಾನೆಯವರೇ ಒಂದು ಪುಸ್ತಿಕೆ ಕಳಿಸುತ್ತಿರಲಿಲ್ಲವೆಂದಲ್ಲ. ಪ್ರತಿ ಪೆಟ್ಟಿಗೆಯಲ್ಲೂ ಆರು ಭಾಷೆಯ ಪುಸ್ತಿಕೆ ಇರುತ್ತಿತ್ತು, ಆರನೆಯದು ನಮ್ಮ ಭಾಷೆ. ಆದರೆ ಅದನ್ನು ಓದಿದ ಗಿರಾಕಿ ಯಂತ್ರ ಜೋಡಿಸುವುದನ್ನು ಬಿಟ್ಟು ಮನೆಮಂದಿಯನ್ನೆಲ್ಲ ಕರೆದು ಓದಿ ಹೇಳಿ ನಗುತ್ತಿದ್ದ. ಕಿವಿಗೆ ಗುಡುಗು ಕೇಳಿಸುವಷ್ಟು ಬಾಸ್ ಏರಿಸಿಟ್ಟೇ ಮಾರುತ್ತಿದ್ದುದಕ್ಕೆ ಗುಡುಗಪ್ಪ ಎಂದು ಹೆಸರು ಪಡೆದಿದ್ದ ಸೇಲ್ಸ್‌ಮನ್ ಅಂಥ ವಾಕ್ಯಗಳನ್ನು ಕತ್ತರಿಸಿ ಕೌಂಟರಿನ ಹಿಂದೆ ಅಂಟಿಸಿದ್ದ.

'ಎಡ ಮಾತುಗಾರನನ್ನು ಎಡಕ್ಕೂ ಬಲ ಮಾತುಗಾರನನ್ನು ಬಲಕ್ಕೂ ನಿಲ್ಲಿಸಿ. ಇಬ್ಬರೂ ನಿಮ್ಮನ್ನೇ ನೋಡುತ್ತಿರಬೇಕು.' ಇದು ಸ್ಪೀಕರುಗಳ ಬಗ್ಗೆ.

'ತಂತಿಯ ಗಂಡನ್ನು ಪೆಟ್ಟಿಗೆಯ ಹೆಣ್ಣಿಗೆ ಸೇರಿಸುವಾಗ ಬಲವಂತ ಬೇಡ. ಒಪ್ಪದಿದ್ದರೆ ತಿರುಗಿಸಿ ಕೇಳಿ.' ಇದು ಪ್ಲಗ್ಗು ಸಾಕೆಟ್ಟಿನ ವಿಷಯ.

'ಸೂಜಿಯನ್ನು ಬೆರಳಿನಿಂದ ಅವಮಾನಿಸಬೇಡಿ.'

'ಮಳೆ, ಹೂದಾನಿ ಮತ್ತು ಮಕ್ಕಳನ್ನು ಯಂತ್ರದ ಮೇಲೆ ಇಡಬಾರದು.'

"ನೋಡಿ ಮೇಡಂ, ಮಳೆ ತೆಗೆದು ಪಕ್ಕಕ್ಕಿಟ್ಟೆ, ಇನ್ನು ಮಕ್ಕಳದ್ದೇ ಚಿಂತೆ" ಎಂದು ಗುಡುಗಪ್ಪ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ನಗುತ್ತಲೇ ಒಂದು ಲೆಕ್ಕವನ್ನೂ ಇಟ್ಟಿದ್ದಳು. ಎಂಟು ವರ್ಷದಲ್ಲಿ ಬಂದ ಇಪ್ಪತ್ತಾರು ಪುಸ್ತಿಕೆಗಳಲ್ಲಿ ಭಾಷೆ ಕೆಟ್ಟ ಜಾಗಗಳು ಮುನ್ನೂರಕ್ಕೂ ಹೆಚ್ಚು. ವಿಷಯವೇ ತಪ್ಪಿದ ಜಾಗಗಳು ಎರಡು. ಅಂದರೆ ಅದನ್ನು ಬರೆದ ಮನುಷ್ಯನಿಗೆ ಯಂತ್ರ ಚೆನ್ನಾಗಿ ಗೊತ್ತು, ನಮ್ಮ ಭಾಷೆ ಮಾತ್ರ ಗೊತ್ತಿಲ್ಲ. ಅಷ್ಟೂ ಪುಸ್ತಿಕೆಗಳು ಒಬ್ಬನದೇ ಕೈ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಭಯ ಬಿದ್ದಲ್ಲೆಲ್ಲ ಅವನು 'ದಯಮಾಡಿ' ಎಂದು ಬರೆಯುತ್ತಿದ್ದ. ಯಂತ್ರ ಕೆಡುತ್ತದೆ ಎನ್ನುವ ಕಡೆ ಯಾವಾಗಲೂ 'ದುಃಖಪಡುತ್ತದೆ' ಎನ್ನುತ್ತಿದ್ದ. ಅವನು ಬಳಸುವ ಶಬ್ದಗಳನ್ನು ಈಗ ಯಾರೂ ಆಡುವುದಿಲ್ಲವಾದ್ದರಿಂದ ಅವನ ಹತ್ತಿರ ಇರುವುದು ಬಹಳ ಹಳೆಯ ನಿಘಂಟು ಎಂದೂ ಅವಳು ಊಹಿಸಿದ್ದಳು. ಯಾವುದೋ ದೇಶದ ಕಾರ್ಖಾನೆಯ ಮೂಲೆಯ ಮೇಜಿನಲ್ಲಿ ಒಬ್ಬ ವಯಸ್ಸಾದವನು ನಿಘಂಟನ್ನು ತಿರುವುತ್ತ, ತಾನು ಎಂದೂ ಕೇಳದ ಭಾಷೆಯಲ್ಲಿ ಅಪರಿಚಿತರಿಗೆ ಎಚ್ಚರಿಕೆ ಹೇಳುತ್ತಿರುವ ಚಿತ್ರ ಒಮ್ಮೊಮ್ಮೆ ಅವಳ ಕಣ್ಣೆದುರು ಬರುತ್ತಿತ್ತು. ಅವನ ವಾಕ್ಯಗಳ ಮುಂದೆ ಜನ ತಡೆದು ನಿಲ್ಲುತ್ತಿದ್ದರು, ಅರ್ಥವಾಗದೆ ಅಂಗಡಿಗೆ ಫೋನ್ ಮಾಡುತ್ತಿದ್ದರು. ಫೋನ್ ಮಾಡಿದವರ ಯಂತ್ರ ಸುಡುತ್ತಿರಲಿಲ್ಲ.

ಅಂಗಡಿಗೆ ಬರುವ ಮೊದಲು ಅವಳು ಹನ್ನೊಂದು ವರ್ಷ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿದ್ದಳು. ಪ್ರತಿ ಮೇಜಿಗೂ ಒಂದೊಂದು ಸೂಚನಾ ಕಾರ್ಡ್ ಬರೆಯುವುದು ಅವಳ ಪಾಲಿನ ಕೆಲಸವಾಗಿತ್ತು. ಮೊದಲ ವರ್ಷ ಬರೆದ ಕಾರ್ಡುಗಳು ಅವಳಿಗೆ ಬಹಳ ಸ್ಪಷ್ಟವಾಗಿದ್ದವು, ವಿದ್ಯಾರ್ಥಿಗಳು ಮಾತ್ರ ಕರೆಂಟು ಅಳೆಯುವ ಗಾಲ್ವನೋಮೀಟರಿನ ಮುಳ್ಳು ಬಗ್ಗಿಸುತ್ತಲೇ ಇದ್ದರು. ಒಂದು ದಿನ ಗಂಟಲು ಕಟ್ಟಿ ಮಾತೇ ಹೊರಡದೆ ಮೂಲೆಯಲ್ಲಿ ನಿಂತು ಸುಮ್ಮನೆ ನೋಡಿದಳು. ಓದುವುದು ಕಣ್ಣಾದರೂ ಅರ್ಥವಾಯಿತೋ ಇಲ್ಲವೋ ಎಂದು ಹೇಳುವುದು ಕೈ ಎಂದು ಆವತ್ತು ಹೊಳೆಯಿತು. ಎಲ್ಲಿ ಕೈ ತಡೆಯುತ್ತದೋ ಅಲ್ಲಿ ವಾಕ್ಯ ಕೆಟ್ಟಿದೆ. ಗಂಟಲು ಸರಿಹೋದ ಮೇಲೂ ಅವಳು ಹಾಗೆಯೇ ನಿಂತು ನೋಡಿದಳು. ಆ ವಿಭಾಗ ಮುಚ್ಚಿದಾಗ ಅಲ್ಲಿಂದ ಹೊತ್ತು ತಂದ ಆಸ್ತಿ ಇದೊಂದೇ. ಅಂಗಡಿಯಲ್ಲಿ ಪರೀಕ್ಷೆಗೆ ಯಾರೂ ಸಿಗದಿದ್ದಾಗ ಅತ್ತೆಯೇ ಮುಂದೆ ಬಂದಳು. ಅಥವಾ ಅತ್ತೆಯ ಮಾತಿನಲ್ಲಿ ಹೇಳುವುದಾದರೆ, "ಮನೇಲಿ ಒಬ್ಳೇ ಗೋಡೆ ನೋಡ್ತಾ ಕೂರೋಕಿಂತ ನಿನ್ನ ಮುಖ ನೋಡೋದು ವಾಸಿ, ಸ್ವಲ್ಪ."

ಪರೀಕ್ಷೆಗೆ ಇನ್ನೊಂದು ನಿಯಮವೂ ಇತ್ತು. ಯಂತ್ರ ಸೀಲು ಒಡೆಯದ ಪೆಟ್ಟಿಗೆಯಿಂದಲೇ ಬರಬೇಕು. ಗಿರಾಕಿಯ ಮನೆಗೆ ಹೇಗೆ ಹೋಗುತ್ತದೋ ಹಾಗೆ.

ಇಪ್ಪತ್ತೇಳನೆಯ ಪುಸ್ತಿಕೆ ಒಂದು ಬುಧವಾರ ಬಂತು. ದೊಡ್ಡ ಆಂಪ್ಲಿಫೈಯರಿನದು. ಅಂಗಡಿಯ ಯಜಮಾನರು ತಾವೇ ಮಹಡಿ ಹತ್ತಿ ಬಂದು ಅವಳ ಮೇಜಿನ ಮೇಲೆ ಇಟ್ಟರು.

"ಓದಿ ನೋಡಿ ಮೇಡಂ. ಒಂದು ತಪ್ಪು ಹುಡುಕಿ ಕೊಡಿ."

ಅವಳು ಓದಿದಳು. ಕೆಂಪು ಪೆನ್ನು ಕೈಯಲ್ಲೇ ಉಳಿಯಿತು. 'ಸ್ಪೀಕರುಗಳನ್ನು ಗೋಡೆಯಿಂದ ಒಂದು ಗೇಣಿನಷ್ಟಾದರೂ ಮುಂದಕ್ಕೆ ಇರಿಸಿ. ಗೋಡೆಗೆ ಒತ್ತಿದರೆ ದನಿ ದಪ್ಪವಾಗಿ ಮಾತು ಮಸುಕಾಗುತ್ತದೆ.' ತಾನು ಬರೆದಿದ್ದರೆ ಇಷ್ಟು ಹಗುರವಾಗಿ ಬರುತ್ತಿತ್ತೇ ಎಂದು ಅವಳಿಗೇ ಸಂದೇಹವಾಯಿತು. ಮಾತುಗಾರರಿಲ್ಲ, ದುಃಖವಿಲ್ಲ, ದಯಮಾಡಿ ಇಲ್ಲ. ಕಾರ್ಖಾನೆಯಲ್ಲಿ ಯಾರೋ ಬದಲಾಗಿದ್ದರು, ಅಥವಾ ಏನೋ ಬದಲಾಗಿತ್ತು. ಹಳೆಯ ನಿಘಂಟಿನವನ ಮೇಜು ಈಗ ಖಾಲಿ ಇರಬಹುದು ಎಂಬುದು ಅವಳಿಗೆ ಮೊದಲು ಬಂದ ಯೋಚನೆ.

"ಚೆನ್ನಾಗಿದೆ ಸಾರ್" ಎಂದಳು.

"ಹಾಗಾದ್ರೆ ಇನ್ನು ಹಾಳೆ ಯಾಕೆ?" ಯಜಮಾನರು ಕುರ್ಚಿ ಎಳೆದುಕೊಂಡು ಕುಳಿತರು. ಒರಟು ಮನುಷ್ಯರಲ್ಲ, ಹೇಳಬೇಕಾದ್ದನ್ನು ಸುತ್ತಿ ಬಳಸಿ ಹೇಳಲು ಬಾರದವರು. "ನಾನೇ ತೀರ್ಮಾನ ಮಾಡಿದ್ರೆ ಅನ್ಯಾಯ ಆಗುತ್ತೆ. ನೀವೇ ಪರೀಕ್ಷೆ ಮಾಡಿ, ನಿಮ್ಮ ಅತ್ತೆಯವರನ್ನೇ ಕೂರಿಸಿ. ಪುಸ್ತಿಕೆ ಪಾಸಾದ್ರೆ ಹಾಳೆ ನಿಲ್ಲಿಸೋಣ. ನಿಮಗೆ ಕೆಳಗಡೆ ಬೇರೆ ಏನಾದ್ರೂ ನೋಡೋಣ. ಫೇಲಾದ್ರೆ ಇದ್ದ ಹಾಗೇ ಇರ್ಲಿ. ಶುಕ್ರವಾರ ಬೆಳಿಗ್ಗೆ ನಲವತ್ತು ಪೀಸು ವ್ಯಾನಿಗೆ ಹೋಗ್ಬೇಕು, ಅಷ್ಟರೊಳಗೆ ಹೇಳಿ."

"ಆಗಲಿ. ಗೋಡೌನಿಂದ ಒಂದು ಸೀಲ್ಡ್ ಬಾಕ್ಸ್ ಬೇಕು."

"ನಲವತ್ತಕ್ಕೂ ಆರ್ಡರ್ ಆಗಿದೆಯಲ್ಲ ಮೇಡಂ. ಸೀಲು ಒಡೆದಿದ್ದು ಕೊಟ್ರೆ ಯಾರು ತಗೋತಾರೆ? ಇಲ್ಲೇ ಗಿರಾಕಿಗಳಿಗೆ ಕೇಳಿಸೋ ಡೆಮೋ ಪೀಸ್ ಇದೆ. ಅದೇ ಮಾದರಿ, ಅದೇ ಕಂಪನಿ. ಅದೇ ಸಾಕು."

ಅವಳು ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಗುಡುಗಪ್ಪ, "ಬಿಡಿ ಸಾರ್, ಕೊಡಿ ಪಾಪ. ಕುರ್ಚಿ ಉಳೀಬೇಕಲ್ವಾ, ಹೊಸ ಬಾಕ್ಸಲ್ಲಾದ್ರೆ ಏನಾದ್ರೂ ತಪ್ಪು ಸಿಗುತ್ತೆ" ಎಂದ. ಅವನ ಮಟ್ಟಿಗೆ ಅದು ಮಳೆ ಹೂದಾನಿಗಳಂತೆ ಇನ್ನೊಂದು ತಮಾಷೆ. ಅವಳಿಗೆ ಅದು ಹೋಗಿ ಸರಿಯಾದ ಜಾಗಕ್ಕೇ ತಾಗಿತು. ಏಕೆಂದರೆ ಪುಸ್ತಿಕೆ ಫೇಲಾಗಲಿ ಎಂಬ ಆಸೆ ಒಳಗೆ ಎಲ್ಲೋ ಇತ್ತು, ಅದು ಅವಳಿಗೆ ಗೊತ್ತಿತ್ತು. ತೂಗುವವಳೇ ತಕ್ಕಡಿಯ ಮೇಲೆ ಬೆರಳಿಟ್ಟಂತೆ ಆಗಬಾರದು ಎಂದುಕೊಂಡಳು.

"ಡೆಮೋ ಪೀಸಲ್ಲೇ ಮಾಡ್ತೀನಿ ಸಾರ್" ಎಂದಳು.

ಗುರುವಾರ ಮಧ್ಯಾಹ್ನ ಅತ್ತೆ ಕನ್ನಡಕ ಒರೆಸಿಕೊಂಡು ಕುಳಿತಳು. ಪುಸ್ತಿಕೆ ತೆರೆದಳು. ಸೊಸೆ ಕೈ ಹಿಂದಕ್ಕೆ ಕಟ್ಟಿ ನಿಂತಳು. ಯಜಮಾನರು, ಗುಡುಗಪ್ಪ ಇಬ್ಬರೂ ಗೋಡೆಗೆ ಒರಗಿದ್ದರು. ಅತ್ತೆ ಮೊದಲ ಪುಟ ಓದಿ ಸ್ಪೀಕರು ಸರಿಸಿದಳು. ಎರಡನೆಯ ಪುಟ ಓದಿ ಕೆಂಪು ತಂತಿಯನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಸಿಕ್ಕಿಸಿದಳು. ಮೂರನೆಯದನ್ನು ಓದಿ ದನಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸಿದಳು. ಪ್ಲಗ್ ಗೋಡೆಗೆ ಹೋಯಿತು, ಸ್ವಿಚ್ ಬಿತ್ತು, ಸಣ್ಣ ನೀಲಿ ದೀಪ ಹತ್ತಿತು. ಹಾಡು ಶುರುವಾದಾಗ ಸೊಸೆ ಗಡಿಯಾರ ನೋಡಿದಳು. ಒಂಬತ್ತು ನಿಮಿಷ. ಅವಳ ಅತ್ಯುತ್ತಮ ಹಾಳೆಗೂ ಹದಿನೆಂಟು ನಿಮಿಷ ಹಿಡಿದಿತ್ತು.

ಅತ್ತೆ ಮೊದಲು ಹಿಗ್ಗಿದಳು. "ನೋಡು, ನಾನು ಹೇಗೆ ಮಾಡ್ದೆ." ಆಮೇಲೆ ಸೊಸೆಯ ಮುಖ ನೋಡಿದಳು, ಯಜಮಾನರ ಮುಖ ನೋಡಿದಳು. "ಅಯ್ಯೋ, ನಾನು ಸ್ವಲ್ಪ ದಡ್ಡತನ ಮಾಡ್ಬೇಕಿತ್ತೇನೇ? ಮೊದಲೇ ಹೇಳ್ಬಾರ್ದಿತ್ತಾ?"

"ಸರಿಯಾಗೇ ಮಾಡಿದ್ರಿ ಅತ್ತೆ."

ಅವಳು ಪರೀಕ್ಷೆಯ ನೋಟ್‌ಬುಕ್ ತೆಗೆದು ಎಂದಿನ ಅಕ್ಷರದಲ್ಲಿ ಬರೆದಳು: 'ಪುಸ್ತಿಕೆ 27. ಕೈ ಎಲ್ಲೂ ನಿಲ್ಲಲಿಲ್ಲ. ಒಂಬತ್ತು ನಿಮಿಷ. ಪುಸ್ತಿಕೆ ಸಾಕು, ಹಾಳೆ ಬೇಕಿಲ್ಲ.' ಸಹಿ ಹಾಕಿ ಯಜಮಾನರಿಗೆ ತೋರಿಸಿದಳು. ಅವರು ಓದಿ, "ಒಳ್ಳೇದು" ಎಂದು ಕೆಳಗಿಳಿದರು. ಗುಡುಗಪ್ಪ ಅವತ್ತು ಮತ್ತೆ ತಮಾಷೆ ಮಾಡಲಿಲ್ಲ.

ಇಬ್ಬರೂ ಬಸ್ಸಿನಲ್ಲಿ ಮನೆಗೆ ಬಂದಾಗ ಸೊಸೆಯ ಗಂಡ ಆಗಲೇ ಬಂದಿದ್ದ. ಅವನು ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ಬರುವವನು. ಬಾಗಿಲು ತೆಗೆದವನು ಹೆಂಡತಿಯ ಮುಖ ಓದಿ ಅವಳ ಕೈಯಿಂದ ಚೀಲ ತೆಗೆದುಕೊಂಡ. ಅವಳು ತರಕಾರಿ ಹೆಚ್ಚಲು ಕುಳಿತಳು. ಅತ್ತೆ ಎದುರಿನ ಸ್ಟೂಲಿನ ಮೇಲೆ ಸೊಂಟಕ್ಕೆ ಕೈ ಕೊಟ್ಟು ಕುಳಿತಳು.

"ಏನೋ ಅಂದ್ಕೊಂಡೆ, ಸೊಂಟ ಇವತ್ತು ಹಿಡ್ಕೊಂಡೇ ಇಲ್ಲ" ಎಂದಳು. "ಹೋದ ವರ್ಷ ಇದೇ ಥರದ ದಪ್ಪ ಡಬ್ಬ ಮಾಡ್ಸಿದ್ಯಲ್ಲ, ಮೂರು ದಿನ ಏಳೋಕಾಗ್ಲಿಲ್ಲ ನಂಗೆ. ಅದರ ಬೆನ್ನ ಕಡೆ ಬಗ್ಗಿ ಬಗ್ಗಿ. ಇವತ್ತು ಹಿಂದುಗಡೆ ತಂತಿ ಸಿಕ್ಸಿದ್ದು ಬಿಟ್ರೆ ಬಗ್ಗೋ ಕೆಲಸವೇ ಇರ್ಲಿಲ್ಲ. ಅದಕ್ಕೇ ಬೇಗ ಮುಗೀತು."

ಚಾಕು ನಿಂತಿತು.

"ಹೋದ ವರ್ಷ ಹಿಂದೆ ಬಗ್ಗಿ ಏನು ಮಾಡಿದ್ರಿ ಅತ್ತೆ?"

"ನೀನೇ ಬರೆದಿದ್ದಲ್ವಾ? ಚಿಕ್ಕ ಮುಚ್ಚಳ ತೆಗೆದು, ಒಳಗಿರೋ ಸ್ಕ್ರೂ ತಿರುಗ್ಸಿ, ಯಾವುದೋ ನಂಬರ್ ಬರೋ ಹಾಗೆ. ಆ ಕಾರ್ಖಾನೆಯವನೂ ಬರೆದಿದ್ದ. 'ನಿಮ್ಮ ದೇಶದ ಒತ್ತಡವನ್ನು ಯಂತ್ರದ ಬೆನ್ನಿಗೆ ಮೊದಲು ತಿಳಿಸಿ, ತಿಳಿಸದಿದ್ದರೆ ಅದು ದುಃಖಪಟ್ಟು ಹೊಗೆಯಾಗಿ ಹೋಗುತ್ತದೆ.' ನಾನು ಎಷ್ಟು ನಕ್ಕಿದ್ದೆ ಆವತ್ತು."

ಅವಳು ಕೈ ಒರೆಸಿಕೊಂಡು ಚೀಲದಿಂದ ಹೊಸ ಪುಸ್ತಿಕೆ ತೆಗೆದಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ಓದಿದಳು. ಬೆನ್ನಿನ ಮುಚ್ಚಳದ ಮಾತಿಲ್ಲ. ವೋಲ್ಟೇಜಿನ ಮಾತೇ ಇಲ್ಲ. 'ಈಗ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಹಾಕಿ' ಎಂದು ಸರಾಗವಾಗಿ, ಸುಂದರವಾಗಿ ಬರೆದಿತ್ತು.

ಇದಕ್ಕೆ ಎರಡು ಕಾರಣಗಳಿರಬಹುದಿತ್ತು. ಒಂದು, ಹೊಸ ಮಾದರಿ ಯಾವ ವೋಲ್ಟೇಜಿಗೆ ಹಾಕಿದರೂ ತಾನೇ ಹೊಂದಿಕೊಳ್ಳುವಂಥದ್ದು. ಆಗ ಹೇಳುವುದಕ್ಕೆ ಏನೂ ಇಲ್ಲ, ಪುಸ್ತಿಕೆ ಸರಿ. ಎರಡು, ಬೆನ್ನಿನ ಸ್ವಿಚ್ ಇನ್ನೂ ಇದೆ, ಪುಸ್ತಿಕೆ ಮಾತ್ರ ಬೇರೆ ದೇಶದ್ದು. ಗೋಡೆಯಲ್ಲಿ ನೂರ ಹದಿನೈದು ವೋಲ್ಟ್ ಬರುವ ದೇಶಗಳಿಗೆ ಪೆಟ್ಟಿಗೆ ನೂರ ಹದಿನೈದಕ್ಕೇ ಹೊಂದಿಸಿ ಹೋಗುತ್ತದೆ. ಅಲ್ಲಿಯವರಿಗೆ ಆ ಸ್ವಿಚ್ಚಿನ ಸುದ್ದಿ ಬೇಡ. ಅವರ ಪುಸ್ತಿಕೆಯನ್ನೇ ನಮ್ಮ ಭಾಷೆಗೆ ತಂದಿದ್ದರೆ ಅನುವಾದದಲ್ಲಿ ಒಂದು ತಪ್ಪೂ ಇರುವುದಿಲ್ಲ. ನಮ್ಮ ಗೋಡೆಯಲ್ಲಿ ಬರುವುದು ಮಾತ್ರ ಇನ್ನೂರ ಮೂವತ್ತು. ಫ್ಯೂಸ್ ಸುಟ್ಟು ಅಷ್ಟಕ್ಕೇ ನಿಂತರೆ ಅದೃಷ್ಟ. ಇಲ್ಲದಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಕಾದು ಹೊಗೆ ಬರುತ್ತದೆ, ಅದೂ ಯಾರದೋ ಮನೆಯ ಹಾಲಿನಲ್ಲಿ, ಪರದೆಯ ಪಕ್ಕದಲ್ಲಿ.

ಎರಡರಲ್ಲಿ ಯಾವುದು ನಿಜವೆಂದು ಮಧ್ಯಾಹ್ನದ ಪರೀಕ್ಷೆ ಹೇಳಲಾರದು. ಡೆಮೋ ಪೀಸು ತಿಂಗಳ ಹಿಂದೆ ಪುಸ್ತಿಕೆಯಿಲ್ಲದೆ ಬಂದದ್ದು, ಅಂಗಡಿಯ ರಿಪೇರಿಯವನು ಎಲ್ಲವನ್ನೂ ಹೊಂದಿಸಿ ಮೇಲಿಟ್ಟದ್ದು. ಬೆನ್ನಿನಲ್ಲಿ ಏನಾದರೂ ತಿರುಗಿಸುವುದಿದ್ದರೆ ಅವನೇ ತಿರುಗಿಸಿರುತ್ತಾನೆ. ಅತ್ತೆಯ ಕೈ ಎಲ್ಲೂ ನಿಲ್ಲದೆ ಹೋದದ್ದು ಹಾಗೆ. ಇಷ್ಟು ವರ್ಷ ಅವಳು ನಿಂತ ಕೈಯನ್ನು ಮಾತ್ರ ಹುಡುಕುತ್ತಿದ್ದಳು. ನಿಲ್ಲದ ಕೈ ಕೂಡ ನೇರ ಬೆಂಕಿಗೆ ಹೋಗಬಹುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಸೀಲು ಒಡೆಯದ ಪೆಟ್ಟಿಗೆ ಬೇಕೆಂಬ ನಿಯಮ ಇದ್ದದ್ದು ಇಂಥದಕ್ಕೇ. ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಅವಳೇ ಬಿಟ್ಟುಕೊಟ್ಟಿದ್ದಳು. ಒಬ್ಬ ಸೇಲ್ಸ್‌ಮನ್ನಿನ ತಮಾಷೆಗೆ ಹೆದರಿ.

ಅವಳು ಇದನ್ನೆಲ್ಲ ಗಂಡನಿಗೆ ಕ್ರಮವಾಗಿ ಹೇಳಿದಳು.

"ಫೋನ್ ಮಾಡು" ಎಂದ ಅವನು.

"ಏನಂತ ಮಾಡ್ಲಿ? ನಂಗೇ ಗೊತ್ತಿಲ್ಲ. ಒಂದು ವೇಳೆ ತಾನೇ ಹೊಂದಿಕೊಳ್ಳೋ ಮಾದರಿ ಆಗಿದ್ರೆ? ಮಧ್ಯಾಹ್ನ ಸರಿ ಅಂತ ಸಹಿ ಹಾಕಿ ಸಂಜೆ ಸರಿಯಿಲ್ಲ ಅಂದ್ರೆ ಏನಂದ್ಕೊಳ್ತಾರೆ?"

"ಕುರ್ಚಿ ನೆನಪಾಯ್ತು ಅಂದ್ಕೊಳ್ತಾರೆ."

"ಹೂಂ."

"ಅಂದ್ಕೊಳ್ಲಿ. ನಾನು ಎಷ್ಟು ಮನೇಲಿ ಮೀಟರ್ ಸುಳ್ಳು ಓದ್ತಾನೆ ಅನ್ನಿಸ್ಕೊಂಡಿಲ್ಲ. ಗೊತ್ತಿಲ್ಲ ಅನ್ನೋದನ್ನೇ ಹೇಳು. ಅದೂ ಒಂದು ವಿಷಯವೇ ಅಲ್ವಾ."

ಅತ್ತೆ ಸ್ಟೂಲಿನಿಂದಲೇ, "ನನ್ನ ಮಗ ವರ್ಷಕ್ಕೊಂದು ಸಲ ಬುದ್ಧಿವಂತನ ಥರ ಮಾತಾಡ್ತಾನೆ. ಇವತ್ತು ಆ ದಿನ ಇರ್ಬೇಕು. ಮಾಡೇ ಫೋನು" ಎಂದಳು.

ಯಜಮಾನರು ಪೂರ್ತಿ ಕೇಳಿಸಿಕೊಂಡರು. "ಬೆಳಿಗ್ಗೆ ಬನ್ನಿ. ಎಂಟಕ್ಕೆ ವ್ಯಾನ್ ಹೊರಡುತ್ತೆ" ಎಂದು ಫೋನ್ ಇಟ್ಟರು. ಆ ದನಿಯಲ್ಲಿ ನಂಬಿಕೆ ಇತ್ತೋ ಇಲ್ಲವೋ, ಅವಳಿಗೆ ಅಳೆಯಲಾಗಲಿಲ್ಲ.

ಶುಕ್ರವಾರ ಏಳೂಕಾಲಿಗೆ ಅವಳು ಗೋಡೌನಿನ ಮುಂದಿದ್ದಳು. ಅಂಗಡಿಯ ಹಿಂದಿನ ಓಣಿಯಲ್ಲಿ ಶಟರು ಅರ್ಧ ಎತ್ತಿತ್ತು. ವ್ಯಾನಿನೊಳಗೆ ನಲವತ್ತು ಪೆಟ್ಟಿಗೆ ಆಗಲೇ ಏರಿ ಕುಳಿತಿದ್ದವು. ಡ್ರೈವರ್ ಹಗ್ಗ ಬಿಗಿಯುತ್ತಿದ್ದ. ಯಜಮಾನರು ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದರು. ಗುಡುಗಪ್ಪ ರಸೀದಿಗಳನ್ನು ಜೋಡಿಸುತ್ತಿದ್ದ.

"ಮೇಡಂ, ನಿನ್ನೆ ನೀವೇ ಬರೆದಿದ್ದು" ಎಂದರು ಯಜಮಾನರು. ಕೋಪವಿರಲಿಲ್ಲ, ಬೇಸರವಿತ್ತು. "ನಾನು ಬಲವಂತ ಮಾಡ್ಲಿಲ್ಲ. ಕೆಲಸದ ಚಿಂತೆ ಇದ್ರೆ ನೇರ ಹೇಳಿ. ಅದಕ್ಕೆ ಬೇರೆ ದಾರಿ ನೋಡೋಣ. ಲೋಡಾಗಿರೋ ಮಾಲು ತಡೆದು ಯಾಕೆ?"

"ಕೆಲಸದ ಚಿಂತೆ ಇದೆ ಸಾರ್. ಇಲ್ಲ ಅಂದ್ರೆ ಸುಳ್ಳಾಗುತ್ತೆ" ಎಂದಳು. "ಅದು ಬೇರೆ, ಇದು ಬೇರೆ. ಒಂದೇ ಒಂದು ಪೆಟ್ಟಿಗೆ ತೆಗೆಯೋಣ. ಬೆನ್ನಲ್ಲಿ ಸ್ವಿಚ್ ಇಲ್ದೇ ಇದ್ರೆ, ಅಥವಾ ಇದ್ದೂ ಇನ್ನೂರ ಮೂವತ್ತಕ್ಕೇ ಇದ್ರೆ, ಆ ಪೆಟ್ಟಿಗೆ ನಾನೇ ಇಟ್ಕೋತೀನಿ. ಕಂತಲ್ಲಿ ಹಿಡ್ಕೊಳಿ. ನಿನ್ನೆ ಬರೆದಿದ್ದೂ ಹಾಗೇ ಇರ್ಲಿ, ಸೋಮವಾರದಿಂದ ಕೆಳಗಡೆ ಏನು ಕೊಟ್ರೂ ಮಾಡ್ತೀನಿ."

ಯಜಮಾನರು ಟೀ ಲೋಟವನ್ನು ಕಟ್ಟೆಯ ಮೇಲಿಟ್ಟರು. ಡ್ರೈವರಿಗೆ ಕೈಸನ್ನೆ ಮಾಡಿದರು. ಒಂದು ಪೆಟ್ಟಿಗೆ ಇಳಿಯಿತು.

ಅವಳು ಅದರ ಬೆನ್ನನ್ನು ನೋಡಲು ಹೋಗಲಿಲ್ಲ. ಗೋಡೆಯ ಮೇಲಿದ್ದ ಮೇನ್ ಸ್ವಿಚ್ ಕೆಳಗೆ ಮಾಡಿ, ಗೋಡೌನಿನ ಸಾಕೆಟ್ಟಿಗೆ ಕರೆಂಟ್ ಇಲ್ಲವೆಂದು ಟೆಸ್ಟರಿನಿಂದ ಎರಡು ಸಲ ನೋಡಿಕೊಂಡಳು. ನಂತರ ಪುಸ್ತಿಕೆಯನ್ನು ಡ್ರೈವರಿನ ಕೈಗೆ ಕೊಟ್ಟಳು.

"ಅಣ್ಣ, ಇದನ್ನ ಓದ್ಕೊಂಡು ಪೆಟ್ಟಿಗೆ ತೆಗೆದು ಜೋಡಿಸ್ತೀರಾ? ನಾನು ಏನೂ ಹೇಳಲ್ಲ."

"ನಂಗೆ ಓದೋಕೆ ಬರುತ್ತೆ ಮೇಡಂ, ಓದಿ ಮಾಡೋ ಅಭ್ಯಾಸ ಇಲ್ಲ. ಕೆಟ್ರೆ ನನ್ನ ತಲೆಗೆ ಕಟ್ಬೇಡಿ" ಎಂದ. ಆದರೂ ಕುಳಿತ. ಥರ್ಮೋಕೋಲ್ ತೆಗೆದ, ಪ್ಲಾಸ್ಟಿಕ್ ಬಿಚ್ಚಿದ. ಪುಸ್ತಿಕೆಯ ಭಾಷೆ ಅವನಿಗೆ ಹಿಡಿಸಿತು. "ಚೆನ್ನಾಗಿ ಬರೆದಿದಾರೆ, ಮಾತಾಡಿದ ಹಾಗೇ ಇದೆ" ಎಂದ. ಹಂತದ ಮೇಲೆ ಹಂತ, ಎಲ್ಲೂ ತಡವರಿಸದೆ ಸಾಗಿ, ಪ್ಲಗ್ಗನ್ನು ಸಾಕೆಟ್ಟಿಗೆ ತಳ್ಳಿ ಸ್ವಿಚ್ ಒತ್ತಿದ.

ಏನೂ ಆಗಲಿಲ್ಲ. ಕರೆಂಟ್ ಇರಲಿಲ್ಲವಲ್ಲ.

ಅವಳು ಯಂತ್ರವನ್ನು ತಿರುಗಿಸಿದಳು. ಬೆನ್ನಿನ ಕೆಳಮೂಲೆಯಲ್ಲಿ ಬೆರಳುಗುರಿನಷ್ಟು ಅಗಲದ ಪ್ಲಾಸ್ಟಿಕ್ ಮುಚ್ಚಳವಿತ್ತು. ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿಸಿದಳು. ಒಳಗೆ ಸ್ವಿಚ್ ಇತ್ತು. ಅದರ ಬಾಣ ತೋರಿಸುತ್ತಿದ್ದುದು ನೂರ ಹದಿನೈದನ್ನು.

ಗುಡುಗಪ್ಪ ಬಗ್ಗಿ ನೋಡಿದ. ಕನ್ನಡಕ ಏರಿಸಿ ಮತ್ತೆ ನೋಡಿದ. "ಡೆಮೋ ಪೀಸಲ್ಲಿ ಇದನ್ನ ರಿಪೇರಿ ಅಣ್ಣ ತಿರುಗ್ಸಿದ್ದು ನಾನೇ ಕಂಡಿದ್ದೆ ಸಾರ್" ಎಂದ ಮೆಲ್ಲಗೆ. "ಆದ್ರೆ ನಿನ್ನೆ ತಲೆಗೇ ಬರ್ಲಿಲ್ಲ."

"ನಂಗೂ ಬರ್ಲಿಲ್ಲ" ಎಂದಳು ಅವಳು. ಅದು ನಿಜವಾಗಿತ್ತು, ಅದಕ್ಕೇ ಗೆದ್ದ ಖುಷಿ ಬರಲಿಲ್ಲ.

ಡ್ರೈವರ್ ಇನ್ನೂ ಗೋಡೆಯ ಸ್ವಿಚ್ಚಿನ ಮೇಲಿದ್ದ ತನ್ನ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. "ಇದು ನಮ್ಮ ಮನೆ ಆಗಿದ್ರೆ?" ಎಂದು ಕೇಳಿದ.

ಯಜಮಾನರು ಗಿರಾಕಿಗಳಿಗೆ ಫೋನ್ ಮಾಡಿ ಮಾಲು ಸಂಜೆಗೆ ಬರುತ್ತದೆಂದು ತಿಳಿಸಿದರು. ಪೆಟ್ಟಿಗೆಗಳು ಮತ್ತೆ ಇಳಿದವು. ಸೀಲು ಒಡೆದು, ಮುಚ್ಚಳ ಎಬ್ಬಿಸಿ, ಬಾಣ ತಿರುಗಿಸಿ, ಮುಚ್ಚಳ ಒತ್ತಿ, ಹೊಸ ಟೇಪು ಹಚ್ಚುವ ಕೆಲಸಕ್ಕೆ ನಾಲ್ವರೂ ನೆಲದ ಮೇಲೆ ಕುಳಿತರು. ಟೇಪಿನ ಮೇಲೆ 'ಅಂಗಡಿಯಲ್ಲಿ ಪರೀಕ್ಷಿಸಿದೆ' ಎಂದು ಬರೆದು ಸಹಿ ಹಾಕುವುದು ಗುಡುಗಪ್ಪನ ಪಾಲಿಗೆ ಬಂತು. ಹತ್ತನೆಯ ಪೆಟ್ಟಿಗೆಯ ಹೊತ್ತಿಗೆ ಅವನ ಬಾಯಿ ಮರಳಿ ಬಂದಿತ್ತು, "ಒಂದು ನಿಮಿಷಕ್ಕೆ ಒಂದು ಸಹಿ, ಮಂತ್ರಿಗೂ ಇಷ್ಟು ಕೆಲಸ ಇಲ್ಲ" ಎಂದ. ಮೂವತ್ತೊಂಬತ್ತು ಪೆಟ್ಟಿಗೆಗಳಲ್ಲಿ ಬಾಣ ನೂರ ಹದಿನೈದಕ್ಕಿತ್ತು. ಒಂದರಲ್ಲಿ ಮಾತ್ರ ಇನ್ನೂರ ಮೂವತ್ತಕ್ಕಿತ್ತು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಅವಳು ಅದರ ಸೀರಿಯಲ್ ನಂಬರನ್ನೂ ಬರೆದಿಟ್ಟುಕೊಂಡಳು.

ಎರಡು ಗಂಟೆಗೆ ವ್ಯಾನ್ ಹೋಯಿತು. ಓಣಿ ಖಾಲಿಯಾಯಿತು. ಯಜಮಾನರು ಮಂಡಿ ಉಜ್ಜಿಕೊಳ್ಳುತ್ತ ಗೋಡೆಗೆ ಒರಗಿ ಕುಳಿತೇ ಇದ್ದರು.

"ಹೊಸ ಮಾದರಿ ಯಾವುದೇ ಬರ್ಲಿ, ಮೊದಲನೇ ಪೆಟ್ಟಿಗೆ ನಿಮ್ಮ ಮೇಜಿಗೆ" ಎಂದರು. "ಯಾರಿಗೂ ಆರ್ಡರ್ ತಗೊಳ್ಳೋಕೆ ಮುಂಚೆ. ಹಾಳೆ ಬೇಕೋ ಬೇಡ್ವೋ, ಅರ್ಧ ಹಾಳೆಯೋ, ಒಂದೇ ಸಾಲೋ, ಅದು ನಿಮಗೆ ಬಿಟ್ಟಿದ್ದು."

"ಭಾಷೆ ತಿದ್ದೋ ಕೆಲಸ ಇನ್ನು ಅಷ್ಟಿರಲ್ಲ ಸಾರ್. ಏನು ಬರೆದಿಲ್ಲ ಅಂತ ನೋಡೋ ಕೆಲಸ ಇರುತ್ತೆ. ಅದು ನಂಗೂ ಹೊಸದು. ಕಲೀಬೇಕು."

"ಕಲೀರಿ."

ಅವಳು ಮಹಡಿ ಹತ್ತಿ ಪರೀಕ್ಷೆಯ ನೋಟ್‌ಬುಕ್ ತೆರೆದಳು. ಹಿಂದಿನ ದಿನದ ಸಾಲುಗಳ ಮೇಲೆ ಗೀಟು ಎಳೆಯಲಿಲ್ಲ. ಪ್ರಯೋಗಾಲಯದಲ್ಲಿ ತಪ್ಪಿದ ಅಳತೆಯನ್ನು ಅಳಿಸುವ ಪದ್ಧತಿ ಇರಲಿಲ್ಲ, ಕೆಳಗೆ ಕಾರಣ ಬರೆಯುತ್ತಿದ್ದರು. ಅವಳೂ ಬರೆದಳು: 'ಮೇಲಿನ ಫಲಿತಾಂಶ ತಪ್ಪು. ಕಾರಣ: ಮೊದಲೇ ಹೊಂದಿಸಿದ್ದ ಯಂತ್ರದಲ್ಲಿ ಪರೀಕ್ಷೆ ಮಾಡಿದೆ. ಸೀಲು ಒಡೆಯದ ಪೆಟ್ಟಿಗೆ ಬೇಕೆಂದು ಒತ್ತಾಯಿಸದೆ ಇದ್ದದ್ದು ನನ್ನ ತಪ್ಪು.' ಸಹಿ ಹಾಕಿದಳು, ದಿನಾಂಕ ಹಾಕಿದಳು.

ಯಜಮಾನರು ಹಿಂದೆಯೇ ಬಂದಿದ್ದರು. ನಿಂತು ಓದಿದರು. ಪೆನ್ನಿಗೆ ಕೈ ಚಾಚಿದರು. ಅವಳು ಕೊಟ್ಟಳು. ಅವಳ ಸಹಿಯ ಕೆಳಗೆ ಅಡ್ಡಾದಿಡ್ಡಿ ಅಕ್ಷರದಲ್ಲಿ ಅವರು ಒಂದು ಸಾಲು ಸೇರಿಸಿದರು: 'ಡೆಮೋ ಪೀಸ್ ಸಾಕು ಎಂದವನು ನಾನು.'

"'ತಪ್ಪು ನನ್ನದೂ' ಅಂತಲೂ ಹಾಕ್ಲಾ?" ಎಂದು ಕೇಳಿದರು.

"ಬೇಡ ಸಾರ್, ಇಷ್ಟು ಸಾಕು" ಎಂದು ಅವಳು ಶಾಯಿ ಆರುವವರೆಗೆ ಪುಟ ತೆರೆದೇ ಇಟ್ಟಳು.